ಕೈಗೆ ಸ್ಪರ್ಶ ಬರುವ ಮೊದಲೇ ಮಾತ್ರೆ ತಗೋ ಮಾರಾಯ

ಪ್ರೀತಿಯ ದೋಸ್ತ,

ನಿನ್ನ ಎಕ್ಸರೇ ಫೋಟೋ ನೋಡಿದೆ. ಕಾಲರ್ ಬೋನ್ ನಟ್ಟನಡುವೆ ಮುರಿದಿದೆ, ಪ್ಲೇಟ್ ಹಾಕಲೇಬೇಕು ಎಂದಿದ್ದಾರಂತೆ. ಮಣಿಪಾಲವೋ ಹುಬ್ಬಳ್ಳಿಯೋ ಇನ್ನೂ ನಿಕ್ಕಿಯಾಗಿಲ್ಲ ಅಂದೆ. ಎಲ್ಲಿಗೇ ಹೋಗು, ಆಪರೇಷನ್ ಆದಮೇಲಿನ ನೋವಿನ ಬಗ್ಗೆ ಮೊದಲೇ ಮಾತಾಡು. ಇದನ್ನು ಎಲ್ಲರಿಗೂ ಕಾಣುವ ಹಾಗೆ ಬರೀತಿದ್ದೇನೆ. ಅಡಿಕೆ ಮರದಿಂದ ಬಿದ್ದವರು, ದೇವಿಮನೆ ಘಾಟಿಯಲ್ಲಿ ಬೈಕ್ ಜಾರಿದವರು ನಮ್ಮ ಕಡೆ ಕಡಿಮೆಯೇನಲ್ಲ, ಅಲ್ವಾ?

ಅನಸ್ತೇಶಿಯಾ ಡಾಕ್ಟರ ಹತ್ತಿರ ನರ್ವ್ ಬ್ಲಾಕ್, ಅಂದರೆ ನರದ ಹತ್ತಿರ ಮದ್ದು ಬಿಟ್ಟು ಆ ಭಾಗ ಮರಗಟ್ಟಿಸುವುದು, ಮಾಡ್ತೀರಾ ಅಂತ ನೀನೇ ಕೇಳು. ಇದೇ ಮೂಳೆಯ ಆಪರೇಷನ್ನಿಗೆ ನನಗೆ ಕುತ್ತಿಗೆ ಪಕ್ಕ ಸ್ಕ್ಯಾನಿಂಗ್ ಮಾಡಿ, ಪರದೆಯಲ್ಲಿ ನರ ನೋಡುತ್ತಲೇ ಸೂಜಿ ಹಾಕಿದರು. ಮೂಳೆಯ ಮೇಲಿನ ಚರ್ಮಕ್ಕೆ ಬರುವ ನರಗಳೇ ಬೇರೆ, ಕೈಗೆ ಇಳಿಯುವ ನರಗಳ ಗೊಂಚಲೇ ಬೇರೆ. ಅದಕ್ಕೇ ಈ ಎರಡಕ್ಕೂ ಮದ್ದು ಬಿಡುವುದುಂಟು. ಆ ಗೊಂಚಲಿಗೆ ಬಿಟ್ಟ ಮದ್ದು ಪಕ್ಕದ ಉಸಿರಿನ ನರಕ್ಕೂ ತಾಗಿದರೆ ಆ ಬದಿಯ ವಪೆ, ಅಂದರೆ ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಸುಸ್ತಾಗುತ್ತದೆ, ಪೂರ್ತಿ ಉಸಿರು ಎಳೆಯಲು ಕಷ್ಟವಾಗಬಹುದು. ದನಿ ಒಡೆಯಬಹುದು, ಕಣ್ಣುರೆಪ್ಪೆ ಜೋಲಬಹುದು. ಸಾಮಾನ್ಯವಾಗಿ ಮದ್ದು ಇಳಿದಂತೆ ಅವೂ ಹೋಗುತ್ತವೆ. ಆದರೆ ನಿನಗೆ ಮಳೆಗಾಲದ ದಮ್ಮು ಇದೆ. ಅದನ್ನು ಮುಚ್ಚಿಡಬೇಡ. ಮೂಳೆಯ ಸುತ್ತಲಿನ ಪೊರೆಯ ಹತ್ತಿರವೇ ಮದ್ದು ಬಿಡುವ ಇನ್ನೊಂದು ಬ್ಲಾಕ್ 2017ರಿಂದ ಈಚೆಗೆ ಬಂದಿದೆ. ಉಸಿರಿಗೆ ತೊಂದರೆ ಇರುವವರಿಗೆ ಅದು ಆಗಬಹುದಾ ಅಂತ ಕೇಳು.

ಆಪರೇಷನ್ ಮುಗಿದಾಗ ನನಗೆ ನೋವೇ ಇರಲಿಲ್ಲ. ಸ್ಲಿಂಗಿನಲ್ಲಿದ್ದ ಕೈಯ ಉಗುರುಸಂದಿಯಲ್ಲಿ ಅಡಿಕೆ ಚೊಗರಿನ ಕಲೆ ಕಾಣುತ್ತಿತ್ತು, ಕೈ ನನ್ನದೇ. ಮುಟ್ಟಿದರೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಸಲದ ಮದ್ದು ಸುಮಾರು 8ರಿಂದ 18 ಗಂಟೆ ಹಿಡಿಯುತ್ತದೆ, ಕೆಲವರಿಗೆ ಜಾಸ್ತಿ. ಬೆಳಿಗ್ಗೆ ಆಪರೇಷನ್ ಆದರೆ ಇಳಿಯುವುದು ರಾತ್ರಿಗೇ. ಇಳಿದಾಗ ಎಷ್ಟೋ ಜನರಿಗೆ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ಬರುತ್ತದೆ. ಡಾಕ್ಟರು ಬರೆದ ಮಾತ್ರೆಯನ್ನು ಅದಕ್ಕೂ ಮೊದಲೇ ನುಂಗಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಡುರಾತ್ರಿ ವಾರ್ಡಿನ ತುಂಬಾ ಕೇಳುವ ಹಾಗೆ ಅತ್ತೆ. ನರ್ಸ್ ಓಡಿಬಂದು ಇಂಜೆಕ್ಷನ್ ಕೊಟ್ಟರು. ನೋವು ಇಳಿಯುತ್ತಿದ್ದಾಗ ಅಪ್ಪಯ್ಯ ನೆನಪಾದ. ನಾನು ಸಣ್ಣವನಿದ್ದಾಗ ಕೊನೆಕೊಯ್ಲಿನಲ್ಲಿ ಮರದಿಂದ ಬಿದ್ದು ಇದೇ ಮೂಳೆ ಮುರಿದುಕೊಂಡಿದ್ದ. ಊರಲ್ಲೇ ಬಟ್ಟೆ ಕಟ್ಟಿಸಿಕೊಂಡು ಬಂದ, ಅಷ್ಟೆ. ಗಟ್ಟಿ ಜೀವ ಎಂದು ಎಲ್ಲರೂ ಹೊಗಳಿದರು. ಅವನ ಭುಜದ ಮೇಲೆ ಈಗಲೂ ಒಂದು ಗಂಟಿದೆ. ಚಿಕ್ಕಂದಿನಲ್ಲಿ ಅದನ್ನು ಒತ್ತಿ ಆಡುತ್ತಿದ್ದೆ. ಆ ರಾತ್ರಿಗಳನ್ನು ಹೇಗೆ ಕಳೆದನೋ. ದಿನಾ ಎದುರುಬದುರು ಕೂತು ಉಣ್ಣುತ್ತೇವೆ, ಕೇಳಲು ಬಾಯಿ ಬರುವುದಿಲ್ಲ. ನನಗೆ ಅಷ್ಟೊಂದು ಆರೈಕೆ ಸಿಕ್ಕಿತು, ಅವನಿಗೆ ಒಂದು ಮಾತ್ರೆಯೂ ಇರಲಿಲ್ಲ. ಇದು ಒಳಗೇ ಕೊರೆಯುತ್ತಿದೆ ಮಾರಾಯ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಇರಲಿ ಬಿಡು. ಮಾತ್ರೆ ಚೀಟಿ ಅತ್ತಿಗೆ ಕೈಗೆ ಕೊಡು, ಅಲಾರಾಂ ಅವರೇ ಇಡಲಿ. ಗೋಕರ್ಣದ ಬಸ್ಸಿನ ಕತೆ ಆದಮೇಲೆ ಟೈಮಿನ ವಿಷಯದಲ್ಲಿ ನಿನ್ನನ್ನು ಯಾರು ನಂಬ್ತಾರೆ? ತೊಡದೇವು ಕಟ್ಟಿಸಿಕೊಂಡು ಬರ್ತೇನೆ.

ನಿನ್ನವ,
ಶಿರಸಿಯಿಂದ