ಬಾರ್ ಎಂಡ್ ಎಲ್ಲ ಸೈಕಲ್‌ಗೂ ಹಳತಾಗಿಲ್ಲ

ಮಾನ್ಯ ಸಂಪಾದಕರೇ,

ಸೈಕಲ್ ತುಳಿಯುವವರ ಕೈ ಜೋಮು ಹಿಡಿಯುವ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಉಪಯುಕ್ತವಾಗಿತ್ತು. ಜೆಲ್ ಗ್ಲೌಸ್ ಹಾಕಿಕೊಳ್ಳಿ, ಆಗಾಗ ಕೈ ಕೊಡವಿ, ಮಣಿಕಟ್ಟಿಗೆ ವ್ಯಾಯಾಮ ಮಾಡಿ ಎಂಬ ಸಲಹೆಗಳೆಲ್ಲ ಸರಿಯೇ. ಆದರೆ ಆ ಕೈ ಹಿಡಿದಿರುವ ಹ್ಯಾಂಡಲ್ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ನೇರ ಹ್ಯಾಂಡಲ್‌ನ ಎಂಟಿಬಿ (ಮೌಂಟನ್ ಬೈಕ್) ಸೈಕಲ್‌ಗಳಲ್ಲಿ ಹ್ಯಾಂಡಲ್‌ನ ಎರಡೂ ತುದಿಗೆ ಒಂದು ಕಾಲದಲ್ಲಿ ಗಿಡ್ಡ ಕೊಂಬಿನಂಥ ಹಿಡಿಕೆ ಇರುತ್ತಿತ್ತು. ಬಾರ್ ಎಂಡ್ ಎನ್ನುತ್ತಾರೆ. ಈಗ ಅಂಗಡಿಯಲ್ಲಿ ಕೇಳಿದರೆ ‘ಅದೆಲ್ಲ ಹಳೇ ಫ್ಯಾಷನ್ ಸರ್, ಯಾರೂ ಹಾಕಿಸಲ್ಲ’ ಎಂಬ ಉತ್ತರ ಬರುತ್ತದೆ. ಹಾಕಿಸುವವರು ಕಡಿಮೆಯಾಗಿದ್ದಾರೆ, ನಿಜ. ಯಾಕೆ ಕಡಿಮೆಯಾದರು ಎಂದು ನೋಡಿದರೆ, ಆ ಕಾರಣಗಳಲ್ಲಿ ಹೆಚ್ಚಿನವು ನಮ್ಮ ರಸ್ತೆಗಳಲ್ಲಿ ಓಡಾಡುವ ಸೈಕಲ್‌ಗಳಿಗೆ ಅನ್ವಯಿಸುವುದೇ ಇಲ್ಲ.

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಗುಡ್ಡಗಳಲ್ಲಿ. ಬಾರ್ ಎಂಡ್ ಜನಪ್ರಿಯವಾದದ್ದು ಎಂಬತ್ತರ ದಶಕದ ಕೊನೆಗೆ. ತೊಂಬತ್ತರ ದಶಕವಿಡೀ ಅದರದೇ ಕಾಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟನ್ ಬೈಕ್ ಸ್ಪರ್ಧೆ ಕಾಲಿಟ್ಟ ಹೊತ್ತಿನಲ್ಲಿ ಸ್ವಲ್ಪ ಗಂಭೀರವಾಗಿ ಸೈಕಲ್ ತುಳಿಯುವವರ ಹ್ಯಾಂಡಲ್‌ನಲ್ಲಿ ಅದು ಇರದಿದ್ದರೇ ವಿಶೇಷ. ಆ ಕಾಲದ ಸೈಕಲ್‌ನ ಅಳತೆಗಳೇ ಅದನ್ನು ಬೇಡುತ್ತಿದ್ದವು. ಹ್ಯಾಂಡಲ್ ಅಗಲ 560ರಿಂದ 580 ಮಿ.ಮೀ. ಅಷ್ಟೇ. ಅದನ್ನು ಹಿಡಿದಿಡುವ ಸ್ಟೆಮ್ 120–140 ಮಿ.ಮೀ. ಉದ್ದ. ಸೀಟಿನ ಕೊಳವೆಯ ಕೋನ 71ರಿಂದ 73 ಡಿಗ್ರಿ, ಅಂದರೆ ಸವಾರನ ತೂಕ ಹಿಂದಿನ ಚಕ್ರದ ಕಡೆಗೆ ವಾಲುತ್ತದೆ. ಕಡಿದಾದ ಏರಿನಲ್ಲಿ ಕುಳಿತೇ ತುಳಿದರೆ ಮುಂದಿನ ಚಕ್ರ ನೆಲ ಬಿಟ್ಟು ಅಲೆದಾಡುತ್ತದೆ. ಬಾರ್ ಎಂಡ್ ಹಿಡಿದು ಮುಂದಕ್ಕೆ ಬಾಗಿದರೆ ಎದೆಯ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಎದ್ದು ನಿಂತು ತುಳಿಯುವಾಗ ಬಲಗಾಲು ಒತ್ತಿದಂತೆ ಬಲಗೈ ಎಳೆಯಬೇಕು. ಆ ಎಳೆತಕ್ಕೆ ಅಡ್ಡ ಹಿಡಿತಕ್ಕಿಂತ ಉದ್ದ ಹಿಡಿತದಲ್ಲಿ ಜೋರು ಹೆಚ್ಚು.

ಮುಂದೆ ಸೈಕಲ್ಲೇ ಬದಲಾಯಿತು. ಕಾಡು-ಗುಡ್ಡದ ದಾರಿಗೆಂದು ಮಾಡಿದ ಇಂದಿನ ಟ್ರೇಲ್ ಸೈಕಲ್‌ನ ಹ್ಯಾಂಡಲ್ 740ರಿಂದ 800 ಮಿ.ಮೀ., ಸ್ಟೆಮ್ 35ರಿಂದ 50 ಮಿ.ಮೀ. ಅಗಲದ ಹ್ಯಾಂಡಲ್ ತಾನೇ ಸನ್ನೆಗೋಲಾಗಿ ಕೆಲಸ ಮಾಡುತ್ತದೆ. ಅದರ ತುದಿಗೆ ಬಾರ್ ಎಂಡ್ ಹಾಕಿದರೆ ತೋಳು ಅತಿಯಾಗಿ ಚಾಚಿ ಭುಜ ನೋಯುತ್ತದೆ. ಸೀಟಿನ ಕೋನ 75–78 ಡಿಗ್ರಿಗೆ ಏರಿದ್ದರಿಂದ ಕುಳಿತೇ ಇದ್ದರೂ ತೂಕ ಮುಂದಕ್ಕೆ ಬರುತ್ತದೆ. ಹಿಂದೆ ಸಸ್ಪೆನ್ಷನ್ ಇದ್ದರೆ ನಿಂತು ತುಳಿಯುವುದೇ ದಂಡ, ಒಂದಷ್ಟು ಶಕ್ತಿ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಸವಾರರ ಅಭಿರುಚಿಯೂ ಹತ್ತುವುದರಿಂದ ಇಳಿಯುವುದರ ಕಡೆ ತಿರುಗಿತು. ಇಳಿಯುವಾಗ ಬೆರಳು ಬ್ರೇಕ್ ಬಿಟ್ಟು ಕದಲುವಂತಿಲ್ಲ. ಜೊತೆಗೆ ಒಂದು ಗೀಳು: ಮೇಲೆದ್ದ ರೈಸರ್ ಹ್ಯಾಂಡಲ್‌ಗೆ ಬಾರ್ ಎಂಡ್ ಹಾಕಿದರೆ ನೋಟ ಕೆಡುತ್ತದೆ ಎಂಬುದು. ಈ ಕೊನೆಯ ಕಾರಣಕ್ಕೆ ಸಿಕ್ಕಷ್ಟು ಮರ್ಯಾದೆ ಉಳಿದವಕ್ಕೆ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗೇರಿನದು. ಲೆಕ್ಕ ಹಾಕಿ ನೋಡಬಹುದು. ತೊಂಬತ್ತರ ದಶಕದ ಆರಂಭದ ಸೈಕಲ್‌ನ ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 24, ಹಿಂದಿನದಕ್ಕೆ 28 ಹಲ್ಲು, 26 ಇಂಚಿನ ಚಕ್ರ ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೆಚ್ಚುಕಡಿಮೆ 1.77 ಮೀಟರ್ ಸಾಗುತ್ತದೆ. ಈಗಿನ ಸೈಕಲ್‌ನಲ್ಲಿ ಮುಂದೆ 32, ಹಿಂದೆ 51 ಹಲ್ಲು. ಚಕ್ರ 29 ಇಂಚಿಗೆ ಬೆಳೆದದ್ದು ಲಾಭದಲ್ಲಿ ಒಂದು ಪಾಲು ತಿಂದುಹಾಕಿದರೂ ಸುತ್ತಿಗೆ ಸುಮಾರು 1.44 ಮೀಟರ್. ಇಷ್ಟು ಹಗುರ ಗೇರ್ ಇದ್ದಮೇಲೆ ಎದ್ದು ನಿಂತು ಎಳೆದಾಡುವ ಅಗತ್ಯವೇನು? ಇಂಥ ಹೊಸ ಸೈಕಲ್‌ನವರು ಬಾರ್ ಎಂಡ್ ಬಿಟ್ಟದ್ದರಲ್ಲಿ ತಪ್ಪೇನಿಲ್ಲ.

ಈಗ ನಮ್ಮ ಅಂಗಡಿಗಳಲ್ಲಿ ‘ಎಂಟಿಬಿ’ ಎಂದು ಮಾರುವ 21 ಗೇರಿನ ಸೈಕಲ್ ನೋಡಿ. ಸಾಮಾನ್ಯವಾಗಿ ಮುಂದೆ 48-38-28, ಹಿಂದೆ 14ರಿಂದ 28 ಹಲ್ಲು. ಅತಿ ಹಗುರ ಗೇರಿನಲ್ಲೂ 28ಕ್ಕೆ 28, ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದು ಸುತ್ತು. 26 ಇಂಚಿನ ಚಕ್ರದಲ್ಲಿ ಎರಡು ಮೀಟರ್ ದಾಟುತ್ತದೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತುವಾಗ 29 ಇಂಚಿನ ಆ ಸೈಕಲ್‌ನವನ ಕಾಲು ನಿಮಿಷಕ್ಕೆ 93 ಸುತ್ತು ಹಗುರವಾಗಿ ತಿರುಗಿದರೆ, ಈ ಸೈಕಲ್‌ನವನದು 64 ಸುತ್ತು, ಪ್ರತಿ ಸುತ್ತೂ ಭಾರ. ನಂದಿ ಬೆಟ್ಟದ ಸುಮಾರು ಎಂಟು ಕಿಲೋಮೀಟರ್ ಏರಿನ ಕೊನೆಯ ಕಡಿದಾದ ತಿರುವುಗಳಲ್ಲಿ, ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಂಥ ಸೈಕಲ್‌ನವರು ಎದ್ದು ನಿಲ್ಲದೆ ವಿಧಿಯಿಲ್ಲ. ಅವರ ಹ್ಯಾಂಡಲ್ ಅಗಲ ಬಹುತೇಕ 600ರಿಂದ 680 ಮಿ.ಮೀ. ಒಳಗೇ ಇರುತ್ತದೆ, ಹಿಂದೆ ಸಸ್ಪೆನ್ಷನ್ ಇರುವುದು ಅಪರೂಪ. ಸೈಕಲ್‌ನ ಮೈಕಟ್ಟು ತೊಂಬತ್ತರ ದಶಕದ್ದು, ಅದಕ್ಕೆ ಕೊಡುವ ಸಲಹೆ ಮಾತ್ರ ಇವತ್ತಿನದು.

ಇನ್ನು ಜೋಮಿನ ವಿಷಯ. ಕಿರುಬೆರಳು ಮತ್ತು ಉಂಗುರ ಬೆರಳಿನ ಒಂದು ಮಗ್ಗುಲು ಮರಗಟ್ಟಿದರೆ ಒತ್ತಡ ಬೀಳುತ್ತಿರುವುದು ಉಲ್ನಾರ್ ನರದ ಮೇಲೆ. ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆ ಅದು ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ನೇರ ಹ್ಯಾಂಡಲ್ ಹಿಡಿದಾಗ ಅಂಗೈ ಕೆಳಮುಖವಾಗಿ, ಮಣಿಕಟ್ಟು ಹೊರಕ್ಕೆ ಓರೆಯಾಗಿ, ದೇಹದ ಭಾರ ನೆಟ್ಟಗೆ ಆ ಜಾಗದ ಮೇಲೇ ಕೂರುತ್ತದೆ. ಬಾರ್ ಎಂಡ್ ಹಿಡಿದರೆ ಎರಡು ಅಂಗೈಗಳೂ ಒಂದಕ್ಕೊಂದು ಎದುರಾಗಿ ಮಣಿಕಟ್ಟು ನೇರವಾಗುತ್ತದೆ, ಭಾರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಕ್ಕೆ ಸರಿಯುತ್ತದೆ. ಹಾಲಿನ ಕ್ಯಾನ್ ಹೇರಿಕೊಂಡು ಹೋಗುವ ಹಳೆಯ ಕರಿ ಸೈಕಲ್‌ನ ಹಿಡಿಕೆ ಸವಾರನ ಕಡೆಗೇ ಬಾಗಿರುವುದರಿಂದ ಅದರಲ್ಲಿ ಈ ಸವಲತ್ತು ಮೊದಲಿನಿಂದಲೂ ಇದೆ. ನೇರ ಹ್ಯಾಂಡಲ್ ಬಂದಮೇಲೆ ಕಳೆದುಕೊಂಡದ್ದನ್ನು ಬಾರ್ ಎಂಡ್ ವಾಪಸು ಕೊಡುತ್ತದೆ, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿದರೂ ನರಕ್ಕೆ ಬಿಡುವು ಸಿಗುತ್ತದೆ. ಸೈಕಲ್ ಇಳಿದ ಮೇಲೂ ಜೋಮು ಹೋಗದಿದ್ದರೆ, ಬೆರಳಿನ ಬಲ ಕುಗ್ಗಿದರೆ ವೈದ್ಯರ ಬಳಿಗೇ ಹೋಗಬೇಕು.

ಹಾಕಿಸುವವರಿಗೆ ಕೆಲವು ಅಳತೆಗಳು. ನೇರ ಹ್ಯಾಂಡಲ್‌ನ ಹಿಡಿಕೆ ಜಾಗದ ಹೊರವ್ಯಾಸ 22.2 ಮಿ.ಮೀ.; ಬಾರ್ ಎಂಡನ್ನು ಹ್ಯಾಂಡಲ್‌ಗೆ ಬಿಗಿಯುವ ಪಟ್ಟಿ, ಅಂದರೆ ಕ್ಲಾಂಪ್ ಕೂಡ ಅದೇ ಅಳತೆಯದಾಗಿರಬೇಕು. ಬಾಗು ಹ್ಯಾಂಡಲ್‌ನ ರೋಡ್ ಬೈಕ್‌ಗೆ 23.8 ಇರುವುದರಿಂದ ಅದಕ್ಕೆ ಇದು ಕೂರುವುದಿಲ್ಲ. ಹ್ಯಾಂಡಲ್‌ನ ತುದಿಯಿಂದ ಬಾಗು ಶುರುವಾಗುವವರೆಗೆ ಎಷ್ಟು ನೇರ ಜಾಗವಿದೆ ಎಂದು ಮೊದಲು ಅಳೆಯಿರಿ. ಗ್ರಿಪ್‌ಗೆ 130, ಬ್ರೇಕ್ ಲಿವರ್‌ಗೆ 15, ಗೇರ್ ಬದಲಿಸುವ ಶಿಫ್ಟರ್‌ಗೆ 20, ಬಾರ್ ಎಂಡ್‌ಗೆ 20 ಎಂದು ಹಿಡಿದರೂ ಒಂದೊಂದು ಕಡೆ ಸುಮಾರು 185 ಮಿ.ಮೀ. ಬೇಕು. ರೈಸರ್ ಹ್ಯಾಂಡಲ್‌ನಲ್ಲಿ ಹಲವು ಬಾರಿ ಇದು ಸಾಲುವುದಿಲ್ಲ. ಆಗ ಗ್ರಿಪ್ಪಿನ ಉದ್ದವನ್ನೇ 20 ಮಿ.ಮೀ. ಕತ್ತರಿಸಬೇಕು, ರಬ್ಬರ್ ಗ್ರಿಪ್ಪಾದರೆ ಹರಿತವಾದ ಬ್ಲೇಡ್ ಸಾಕು. ಎರಡೂ ತುದಿಗೆ ಬೋಲ್ಟ್ ಇರುವ ಲಾಕ್-ಆನ್ ಗ್ರಿಪ್ ಕತ್ತರಿಸಲು ಬರುವುದಿಲ್ಲ, ಒಳಬದಿಗೆ ಮಾತ್ರ ಬೋಲ್ಟ್ ಇರುವುದನ್ನು ಕೊಳ್ಳಬೇಕು. ಕೈಯಲ್ಲಿ ತಿರುಗಿಸುವ ಟ್ವಿಸ್ಟ್ ಶಿಫ್ಟರ್ ಇದ್ದರೆ ತಿರುಗುವ ಭಾಗಕ್ಕೂ ಕ್ಲಾಂಪಿಗೂ ನಡುವೆ ಒಂದೆರಡು ಮಿ.ಮೀ. ಬಿಡಿ, ಇಲ್ಲದಿದ್ದರೆ ಗೇರ್ ಸಿಕ್ಕಿಕೊಳ್ಳುತ್ತದೆ.

ಗ್ರಿಪ್ ಸರಿಸಲು ಅದರಡಿಗೆ ಸ್ವಲ್ಪ ಸ್ಪಿರಿಟ್ ಬಿಟ್ಟು ತಿರುಚಿದರೆ ಜಾರಿಕೊಂಡು ಬರುತ್ತದೆ, ಆಮೇಲೆ ಸ್ಪಿರಿಟ್ ಆರಿ ಗಟ್ಟಿ ಹಿಡಿಯುತ್ತದೆ. ಎಣ್ಣೆ, ಗ್ರೀಸ್ ಕೂಡದು. ಬಾರ್ ಎಂಡ್ ಜಾರುತ್ತದೆ ಎಂಬ ದೂರಿನ ಮೂಲ ಬಹಳ ಸಲ ಇದೇ: ಹ್ಯಾಂಡಲ್ ಮೇಲೆ ಎಣ್ಣೆ ಪಸೆ ಉಳಿದಿರುತ್ತದೆ. ಬೋಲ್ಟನ್ನು ಇನ್ನೂ ಬಿಗಿದರೆ ಸರಿಹೋಗುತ್ತದೆ ಎಂದು ಬಿಗಿಯುತ್ತಾರೆ, ತೆಳು ಅಲ್ಯೂಮಿನಿಯಂ ಕೊಳವೆ ತುದಿಯಲ್ಲಿ ಚಪ್ಪಟೆಯಾಗುತ್ತದೆ. ಕ್ಲಾಂಪಿನ ಮೇಲೆ ಟಾರ್ಕ್ (ಎಷ್ಟು ಬಿಗಿಯಬೇಕೆಂಬ) ಅಂಕಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಸಾಮಾನ್ಯವಾಗಿ 5ರಿಂದ 8 ನ್ಯೂಟನ್ ಮೀಟರ್ ಇರುತ್ತದೆ. ಬಿಗಿದ ಮೇಲೆ ನೆಲದ ಮೇಲೆ ನಿಂತು ಬಾರ್ ಎಂಡ್ ಮೇಲೆ ದೇಹದ ಭಾರ ಹಾಕಿ ಒತ್ತಿ ನೋಡಬೇಕು. ಏರಿನ ನಡುವೆ ಅದು ಹಠಾತ್ತನೆ ತಿರುಗಿದರೆ ಸವಾರ ಹ್ಯಾಂಡಲ್ ಮೇಲೆ ಮುಗ್ಗರಿಸುತ್ತಾನೆ. ಕಾರ್ಬನ್ ಹ್ಯಾಂಡಲ್‌ಗೆ ತಯಾರಕರು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಹಾಕಬೇಕು. ಆಗಲೂ ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಬೇಕು, ತಯಾರಕರು ಹೇಳಿದ್ದರೆ ತುದಿಯೊಳಗೆ ಬಲ ಕೊಡುವ ಪ್ಲಗ್ಗೂ ಬೇಕು.

ಕೋನದಲ್ಲಿ ಎಡವುವವರೇ ಹೆಚ್ಚು. ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದ ಬಾರ್ ಎಂಡ್ ಬೀದಿಯಲ್ಲಿ ಎಷ್ಟೋ ಕಾಣಸಿಗುತ್ತವೆ. ಅದು ಬೆನ್ನು ನೆಟ್ಟಗಾಗಲಿ ಎಂದು ಮಾಡಿಕೊಂಡ ಉಪಾಯ. ಹಾಗೆ ಇಟ್ಟರೆ ಎಳೆಯುವ ಬಲ ಸಿಗುವುದಿಲ್ಲ, ಬಿದ್ದಾಗ ಹೊಟ್ಟೆಗೋ ಎದೆಗೋ ತಿವಿಯುತ್ತದೆ. ಬೆನ್ನು ನೋಯುತ್ತಿದ್ದರೆ ಸ್ಟೆಮ್ಮನ್ನು ಬದಲಿಸಬೇಕು. ನೆಲಕ್ಕೆ ಸಮಾಂತರವಾಗಿ ಇಟ್ಟುಕೊಂಡು ಅಲ್ಲಿಂದ 15 ಡಿಗ್ರಿಯಷ್ಟು ಮೇಲಕ್ಕೆತ್ತಿ ಶುರುಮಾಡಿ. ಸೀಟಿನ ಮೇಲೆ ಕುಳಿತು ಹಿಡಿದಾಗ ಮುಂಗೈ ಮತ್ತು ಮುಷ್ಟಿ ಒಂದೇ ಗೆರೆಯಲ್ಲಿದ್ದರೆ ಸರಿ. ಮಣಿಕಟ್ಟು ಮೇಲೆ ಅಥವಾ ಕೆಳಗೆ ಮುರಿದಂತಾದರೆ ಐದೈದು ಡಿಗ್ರಿ ಬದಲಿಸಿ ನೋಡಿ. ಎರಡೂ ಕಡೆ ಒಂದೇ ಕೋನವಿರಲಿ.

ಅಪಾಯವನ್ನೂ ಹೇಳಬೇಕು. ತುರಹಳ್ಳಿ ಕಾಡಿನ ಕಿರುದಾರಿಯಲ್ಲಿ, ಕೊಡಗು–ಚಿಕ್ಕಮಗಳೂರಿನ ಲಂಟಾನ ಪೊದೆಗಳ ನಡುವೆ ನೇರವಾದ ಬಾರ್ ಎಂಡ್ ಕೊಂಬೆಗೆ ಕೊಕ್ಕೆಯಾಗುತ್ತದೆ. ಸಿಕ್ಕಿದ ಕ್ಷಣ ಹ್ಯಾಂಡಲ್ ಆ ಕಡೆಗೇ ತಿರುಗಿ ಸವಾರ ಪೊದೆಯೊಳಗೆ. ತುದಿ ಒಳಕ್ಕೆ ಬಾಗಿರುವ ಬಾರ್ ಎಂಡ್‌ನಲ್ಲಿ ಇದು ಕಡಿಮೆ, ಆದರೆ ಪೂರ್ತಿ ತಪ್ಪುವುದಿಲ್ಲ. ಅಂಥ ದಾರಿಯಲ್ಲೇ ಹೆಚ್ಚು ಓಡಾಡುವವರು ಹಾಕಿಸದಿರುವುದೇ ಲೇಸು. ತುದಿಯ ಹಿಡಿತದಿಂದ ಬ್ರೇಕ್ ಎಟುಕುವುದಿಲ್ಲವಾದ್ದರಿಂದ ಇಳಿಜಾರಿನಲ್ಲಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೈ ಗ್ರಿಪ್ ಮೇಲೇ ಇರಬೇಕು.

ಹ್ಯಾಂಡಲ್ 720 ಮಿ.ಮೀ.ಗಿಂತ ಅಗಲವಿದ್ದು ಜೋಮಿನ ತೊಂದರೆಯೂ ಇದ್ದರೆ ಜರ್ಮನಿಯ ಎಸ್‌ಕ್ಯೂಲ್ಯಾಬ್ ಕಂಪನಿ ಮಾಡುವಂಥ ಇನ್ನರ್ ಬಾರ್ ಎಂಡ್ ಇದೆ. ಗ್ರಿಪ್ಪಿಗೂ ಬ್ರೇಕ್ ಲಿವರ್‌ಗೂ ನಡುವೆ ಕೂರುತ್ತದೆ, ಬೆರಳು ಬ್ರೇಕಿಗೆ ಎಟುಕುತ್ತದೆ, ಕೊಂಬೆಗೂ ಸಿಕ್ಕುವುದಿಲ್ಲ. ಅಂಗೈಗೆ ಅಗಲವಾದ ಆಸರೆಯನ್ನೂ ಪುಟ್ಟ ಬಾರ್ ಎಂಡನ್ನೂ ಒಂದೇ ಕ್ಲಾಂಪಿನಲ್ಲಿ ಸೇರಿಸಿದ ಎರ್ಗಾನ್ ಕಂಪನಿಯ ಗ್ರಿಪ್ ರಸ್ತೆಯಲ್ಲಿ ದೂರ ಹೋಗುವ ಹೈಬ್ರಿಡ್ ಸೈಕಲ್‌ನವರಿಗೆ ಸರಿಹೊಂದುತ್ತದೆ. ಬೆಲೆ ಮಾತ್ರ ಸಾಮಾನ್ಯ ಜೋಡಿಗಿಂತ ಹೆಚ್ಚು.

ಅಂಗಡಿಯವರಲ್ಲಿ ಕೋರಿಕೆ ಇಷ್ಟೇ. 22.2ರ ಅಲ್ಯೂಮಿನಿಯಂ ಬಾರ್ ಎಂಡ್ ನಾಲ್ಕು ಜೋಡಿಯಾದರೂ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕ್ಲಾಂಪಿನವನ್ನು ತರಿಸಲೇಬೇಡಿ, ಮೈಭಾರ ಬಿದ್ದಾಗ ಸೀಳುತ್ತವೆ. ದೂರ ತುಳಿಯುವ, ಬೆಟ್ಟ ಹತ್ತುವ ಗಿರಾಕಿ ಬಂದರೆ ‘ಹಳೇ ಫ್ಯಾಷನ್’ ಎನ್ನುವ ಮೊದಲು ಅವರ ಹ್ಯಾಂಡಲ್‌ನ ಅಗಲ ಅಳೆದು, ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಕೇಳಿ. ಇನ್ನೊಂದು, ಬಾರ್ ಎಂಡ್ ಇರಲಿ ಬಿಡಲಿ, ಕೊಳವೆಯ ಬಾಯಿಗೆ ಪ್ಲಗ್ ಇಲ್ಲದೆ ಸೈಕಲ್ ಅಂಗಡಿಯಿಂದ ಹೊರಗೆ ಹೋಗದಿರಲಿ. ಮಕ್ಕಳ ಸೈಕಲ್‌ಗಳಲ್ಲಿ ಗ್ರಿಪ್ಪಿನ ತುದಿ ಹರಿದು ಉಕ್ಕಿನ ಬಾಯಿ ಹೊರಬಂದಿರುವುದು ದಿನಾ ಕಾಣುತ್ತದೆ. ಬಿದ್ದ ಮಗುವಿನ ಹೊಟ್ಟೆಗೆ ಅದು ಒತ್ತಿದರೆ ಒಳಗಿನ ಪೆಟ್ಟು ಹೊರಗೆ ಕಾಣಿಸುವುದಿಲ್ಲ. ಪ್ಲಗ್ ಜೋಡಿಗೆ ಆಗುವ ಖರ್ಚು ತೀರಾ ಅಲ್ಪ.

– ಸೈಕಲ್ ಮೆಕ್ಯಾನಿಕ್, ಮೈಸೂರು