ಕಾಡಿನ ಕೆಲಸದ ಮೇಸ್ತ್ರಿಗೆ ಬೇಕು ಅಧಿಕಾರ, ತರಬೇತಿ

ಮಾನ್ಯರೇ,

ಮಳೆ ನಿಂತು ಕಾಡಿನ ದಾರಿಗಳು ಒಣಗುತ್ತಿದ್ದಂತೆ ಕಾರ್ಕಳ, ಹೆಬ್ರಿ, ಕುಂದಾಪುರದ ಕಡೆ ಅಕೇಶಿಯಾ ನೆಡುತೋಪುಗಳಲ್ಲಿ ಮರ ಕಡಿಯುವ ಕೆಲಸ, ಅದರ ಬೆನ್ನಿಗೇ ಬೆಂಕಿ ರೇಖೆ (ಕಾಡ್ಗಿಚ್ಚು ಹಬ್ಬದಂತೆ ಗಿಡಗಂಟಿ ತೆಗೆದಿಡುವ ಪಟ್ಟಿ) ಸವರುವ ಕೆಲಸ ಬರುತ್ತದೆ. ಅವಘಡವಾದರೆ ಎಲ್ಲರೂ ಮೊದಲು ದೂರುವುದು ಉಸ್ತುವಾರಿ ಹೊತ್ತ ಮೇಸ್ತ್ರಿಯನ್ನು. ಆದರೆ ಕೂಲಿಯವರನ್ನು ಕಾಯಲು ಅವರಿಗೆ ನಾವು ಕೊಟ್ಟಿರುವುದಾದರೂ ಏನು?

ಮರ ಉರುಳಿಸುವಾಗ ಕಡಿಯುವವರನ್ನು ಬಿಟ್ಟು ಉಳಿದವರು ಮರದ ಎತ್ತರದ ಕನಿಷ್ಠ 2 ಪಟ್ಟು ದೂರದಲ್ಲಿರಬೇಕು. ಕಡಿಯುವವರು ಹಿಂದೆ ಸರಿಯುವ ದಾರಿಯನ್ನು ಮೊದಲೇ ಸವರಿಟ್ಟಿರಬೇಕು. ಪಕ್ಕದ ಮರಕ್ಕೆ ಸಿಕ್ಕಿ ನೇತಾಡುವ ಮರದಡಿ ಯಾರೂ ಸುಳಿಯಬಾರದು. ಹಳಬರಿಗೆ ಇದೆಲ್ಲ ಅನುಭವದಿಂದಲೇ ಗೊತ್ತು. ಆದರೆ ದಿನಕ್ಕೆ ಇಷ್ಟು ಮರ ಮುಗಿಯಲೇಬೇಕೆಂಬ ಒತ್ತಡದ ನಡುವೆ, ಗಾಳಿ ಎದ್ದಿತೆಂದು ಕೆಲಸ ನಿಲ್ಲಿಸುವ ಅಧಿಕಾರ ಮೇಸ್ತ್ರಿಗೆ ಇಲ್ಲದಿದ್ದರೆ ಆ ತಿಳಿವಳಿಕೆಯಿಂದ ಯಾರ ಜೀವವೂ ಉಳಿಯದು. ನನ್ನ ದೃಷ್ಟಿಯಲ್ಲಿ ಹೆಲ್ಮೆಟ್‌ಗಿಂತಲೂ ಮೊದಲು ಸಲ್ಲಬೇಕಾದದ್ದು ಈ ಅಧಿಕಾರ, ಅದೂ ಲಿಖಿತವಾಗಿ, ಆ ದಿನದ ಕೂಲಿ ಕಡಿತವಾಗದೆಂಬ ಭರವಸೆಯೊಂದಿಗೆ.

ಘಟ್ಟದ ತಪ್ಪಲಿನ ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹಾವು ಕಚ್ಚಿದವರನ್ನು ನಡೆಸದೆ ಹೊತ್ತು ತರಬೇಕಾದ ಆ ಹೊತ್ತಿನಲ್ಲಿ ಪ್ರತಿವಿಷ ಲಭ್ಯವಿರುವ ಆಸ್ಪತ್ರೆ ಯಾವುದು, ವಾಹನ ಎಲ್ಲಿದೆ ಎಂಬುದು ಮೇಸ್ತ್ರಿಗೆ ಮೊದಲೇ ತಿಳಿದಿರಬೇಕು.

ಈ ಹಂಗಾಮಿನ ಕೆಲಸ ಆರಂಭವಾಗುವ ಮೊದಲು ಮೇಸ್ತ್ರಿಗಳಿಗೂ ಉಪ ವಲಯ ಅರಣ್ಯಾಧಿಕಾರಿಗಳಿಗೂ ಒಟ್ಟಿಗೆ ಸುರಕ್ಷತೆ ಹಾಗೂ ಪ್ರಥಮ ಚಿಕಿತ್ಸೆಯ ತರಬೇತಿ ನೀಡಿ, ಪ್ರತಿ ತಂಡಕ್ಕೂ ವಾಕಿಟಾಕಿ ಒದಗಿಸಬೇಕೆಂದು ಅರಣ್ಯ ಇಲಾಖೆಯನ್ನು ಕೋರುತ್ತೇನೆ.

– ಓದುಗ, ಹೆಬ್ರಿ, ಉಡುಪಿ ಜಿಲ್ಲೆ