ಕಾರ್ಡ್ ಲೆಕ್ಕ ಸಾಕು, ಹೆರಿಗೆ ವಾರ್ಡ್ ಲೆಕ್ಕಾನೂ ಕೇಳಿ

ಮಾನ್ಯ ಸಂಪಾದಕರೇ,

ಬಡ ದೇಶಗಳಲ್ಲಿ ಎಲ್ಲರ ಕೈಗೂ ಆರೋಗ್ಯ ವಿಮೆ ಕಾರ್ಡ್ ಬಂದ್ಬಿಟ್ರೆ ತಾಯಂದಿರ ಸಾವು ತಾನಾಗೇ ಇಳಿಯುತ್ತೆ ಅನ್ನೋ ಥರ ನಿಮ್ಮ ಪತ್ರಿಕೆಯಲ್ಲಿ ಬಂದಿದ್ದ ಲೇಖನ ಓದಿದೆ. ಅರ್ಧ ಒಪ್ತೀನಿ. ಇನ್ನರ್ಧಕ್ಕೆ ತಕರಾರಿದೆ, ಅದಕ್ಕೇ ಈ ಪತ್ರ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2023ರಲ್ಲಿ ಬಸಿರು, ಹೆರಿಗೆಗೆ ಸಂಬಂಧಪಟ್ಟ ಕಾರಣಗಳಿಂದ ಸುಮಾರು 2.6 ಲಕ್ಷ ಹೆಂಗಸರು ತೀರ್ಕೊಂಡಿದ್ದಾರೆ, ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲೇ. 1 ಲಕ್ಷ ಜನನಕ್ಕೆ 197 ತಾಯಂದಿರು. 2030ರೊಳಗೆ ಇದನ್ನ 70ಕ್ಕಿಂತ ಕೆಳಗೆ ಇಳಿಸ್ತೀವಿ ಅಂತ ಎಲ್ಲ ದೇಶಗಳೂ ಒಪ್ಕೊಂಡು ಕೂತಿವೆ, ಈಗಿನ ಸ್ಪೀಡಲ್ಲಿ ಆಗೋ ಮಾತಲ್ಲ ಅದು.

ವಿಮೆಯಿಂದ ಉಪಯೋಗ ಇಲ್ವಾ? ಖಂಡಿತ ಇದೆ. ಆದ್ರೆ ವಿಮೆಗೂ ಬಸಿರಿಗೂ ಮೂಲದಲ್ಲೇ ಒಂದು ಜಗಳ ಇದೆ, ಅದನ್ನ ಯಾರೂ ಬರೆಯಲ್ಲ. ವಿಮೆ ಅನ್ನೋದು ಬರುತ್ತೋ ಇಲ್ವೋ ಗೊತ್ತಿಲ್ಲದ ಕಷ್ಟಕ್ಕೆ ಮಾಡ್ಸೋದು, ಹೆರಿಗೆ ಹಾಗಲ್ವಲ್ಲ, ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತೆ, ಹಾಗಾಗಿ ಖಾಸಗಿ ಕಂಪನಿಗಳು ಹೆರಿಗೆಗೆ ವೇಟಿಂಗ್ ಪೀರಿಯಡ್ (ಸೇರಿದ್ಮೇಲೆ ಇಷ್ಟು ಕಾಲ ಕಾಯ್ಬೇಕು ಅನ್ನೋ ನಿಯಮ) ಇಡ್ತವೆ, ಇಷ್ಟ ಇದ್ದೋರು ಸೇರ್ಕೊಳ್ಳಿ ಅನ್ನೋ ಸ್ಕೀಮ್‌ಗಳಲ್ಲಿ ಬಸುರಿ ಆದ್ಮೇಲೆ ಸೇರೋರೇ ಜಾಸ್ತಿಯಾದ್ರೆ ಸ್ಕೀಮೇ ಕುಸಿಯಬಹುದು. ಘಾನಾ ದೇಶದವರು ಈ ಗಂಟನ್ನ ಸರಿಯಾಗಿ ಬಿಚ್ಚಿದ್ರು. ಅಲ್ಲಿ 2003ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಕಾನೂನು ಬಂತು, 2008ರಲ್ಲಿ ಬಸುರಿಯರು ಪ್ರೀಮಿಯಂ ಕಟ್ಟೋದೇ ಬೇಡ ಅಂದ್ರು. ಒಳ್ಳೇ ಕೆಲಸ. ಆದ್ರೆ ಆಸ್ಪತ್ರೆಗಳಿಗೆ ಬರಬೇಕಾದ ಕ್ಲೈಮ್ ದುಡ್ಡು ತಿಂಗಳಾನುಗಟ್ಟಲೆ ಲೇಟಾಗೋಕೆ ಶುರುವಾಯ್ತು. ದುಡ್ಡು ಬರದ ಆಸ್ಪತ್ರೆ ಏನು ಮಾಡುತ್ತೆ? ಔಷಧಿ ಸ್ಟಾಕಿಲ್ಲ ಹೊರಗಿಂದ ತನ್ನಿ ಅನ್ನುತ್ತೆ, ಅದು ಇದು ಅಂತ ಕೈಯಿಂದ ಕಟ್ಟಿಸ್ಕೊಳ್ಳುತ್ತೆ. ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನೋ ಕಥೆ, ಆದ್ರೆ ಇಲ್ಲಿ ಪೂಜಾರಿನೂ ಪಾಪದವನೇ, ಅವನಿಗೂ ತಟ್ಟೆ ಕಾಸು ಬಂದಿಲ್ಲ.

ಈಗ ಹೆರಿಗೆ ಕೋಣೆ ಒಳಗೆ ಬನ್ನಿ. ತಾಯಂದಿರು ಅತಿ ಹೆಚ್ಚು ಸಾಯೋದು ಹೆರಿಗೆ ಆದ್ಮೇಲಿನ ರಕ್ತಸ್ರಾವದಿಂದ. ಮಗು ಹುಟ್ಟಿರುತ್ತೆ, ಎಲ್ರೂ ಮಗು ನೋಡ್ತಿರ್ತಾರೆ, ಈ ಕಡೆ ಬಾಣಂತಿಗೆ ರಕ್ತ ಹೋಗ್ತಾನೇ ಇರುತ್ತೆ. ಅರ್ಧ ಲೀಟರ್ ದಾಟಿದ್ರೆ ಅಪಾಯದ ಲೆಕ್ಕ, ಆದ್ರೆ ಬಟ್ಟೆ, ಹಾಸಿಗೆಲಿ ಇಂಗಿದ ರಕ್ತನ ಕಣ್ಣಂದಾಜಲ್ಲಿ ನೋಡಿದ್ರೆ ಸಾಮಾನ್ಯವಾಗಿ ಕಮ್ಮಿನೇ ಕಾಣುತ್ತೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದ್ರು, 2023ರಲ್ಲಿ ಫಲಿತಾಂಶ ಬಂತು. ತಾಯಿ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಚೀಲದ ಹಾಳೆ ಹಾಸೋದು, ರಕ್ತ ಗೆರೆ ಮುಟ್ಟಿದ ತಕ್ಷಣ ಗರ್ಭಕೋಶ ನೀವೋದು, ಗರ್ಭಕೋಶ ಬಿಗಿಯಾಗೋಕೆ ಆಕ್ಸಿಟೋಸಿನ್ ಇಂಜೆಕ್ಷನ್, ರಕ್ತ ನಿಲ್ಲೋಕೆ ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧಿ, ಡ್ರಿಪ್ ಎಲ್ಲಾ ಒಂದಾದ್ಮೇಲೊಂದು ಕಾಯದೆ ಒಟ್ಟಿಗೆ ಶುರು ಮಾಡೋದು, ಅಷ್ಟೇ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗೋ ಅನಾಹುತಗಳು 60 ಪರ್ಸೆಂಟ್ ಇಳಿದ್ವು. ಆಕ್ಸಿಟೋಸಿನ್‌ನ 2ರಿಂದ 8 ಡಿಗ್ರಿ ತಂಪಲ್ಲಿ ಇಡ್ಬೇಕು, ಕರೆಂಟ್ ಹೋಗಿ ಫ್ರಿಜ್ ತುಂಬಾ ಕಾಲ ಬೆಚ್ಚಗಿದ್ರೆ ಇಂಜೆಕ್ಷನ್ ಶಕ್ತಿ ಕುಗ್ಗುತ್ತಾ ಹೋಗುತ್ತೆ. ಯಾವ ವಿಮೆ ಪಾಲಿಸಿಲಿ ಫ್ರಿಜ್ ಬಗ್ಗೆ ಒಂದು ಸಾಲು ಇದೆ ಹೇಳಿ?

ಇನ್ನು ಆಸ್ಪತ್ರೆಗೆ ಬರೋ ದಾರಿ. ತಜ್ಞರು ಮೂರು ವಿಳಂಬ ಅಂತಾರೆ. ಹೋಗೋಣ ಅಂತ ಮನೆಯವ್ರು ತೀರ್ಮಾನ ಮಾಡೋದ್ರಲ್ಲಿ ಒಂದು, ದಾರಿಲಿ ಒಂದು, ಆಸ್ಪತ್ರೆ ಒಳಗೆ ಬಂದ್ಮೇಲೆ ಒಂದು. ಕಾರ್ಡ್ ಇದ್ರೆ ಮೊದಲನೇದು ಸ್ವಲ್ಪ ಕರಗುತ್ತೆ, ಬಿಲ್ಲಿನ ಭಯ ಕಮ್ಮಿ ಆಗುತ್ತೆ. ರಾತ್ರಿ ಹೊತ್ತು ಗಾಡಿ ಸಿಗದಿದ್ರೆ ಕಾರ್ಡ್ ಹಿಡ್ಕೊಂಡು ಏನ್ ಮಾಡೋದು, ಹೆರಿಗೆ ಫ್ರೀ ಇದ್ರೂ ಗಾಡಿ ಬಾಡಿಗೆಗೆ ಸಾಲ ಮಾಡೋ ಮನೆಗಳೇ ಎಷ್ಟೋ.

ಬಿಲ್ಲಿನ ಭಯ ಅಂದ್ರೆ ಸುಮ್ನೆ ಅಲ್ಲ. ಕೀನ್ಯಾದಲ್ಲಿ 2013ರಲ್ಲಿ ಸರ್ಕಾರಿ ಆಸ್ಪತ್ರೆ ಹೆರಿಗೆ ಉಚಿತ ಮಾಡಿದ್ದಕ್ಕೆ ಮುಂಚೆ, ಬಿಲ್ ಕಟ್ಟಕ್ಕಾಗದ ಬಾಣಂತಿಯರನ್ನ ಮನೆಗೇ ಬಿಡ್ತಿರ್ಲಿಲ್ಲ. ಅಂಥ ಇಬ್ಬರು ಹೆಂಗಸರ ಕೇಸಲ್ಲಿ ಹಾಗೆ ಕೂಡಿಹಾಕಿದ್ದು ಕಾನೂನುಬಾಹಿರ ಅಂತ ಅಲ್ಲಿನ ಹೈಕೋರ್ಟ್ 2015ರಲ್ಲಿ ತೀರ್ಪು ಕೊಡ್ಬೇಕಾಯ್ತು.

ದುಡ್ಡು ಹರಿದ್ರೂ ದಾರಿ ತಪ್ಪಬಹುದು. ಬ್ರೆಜಿಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ 80 ಪರ್ಸೆಂಟ್‌ಗಿಂತ ಜಾಸ್ತಿ ಸಿಸೇರಿಯನ್! ಇಡೀ ಜನಸಂಖ್ಯೆಲಿ ಸಿಸೇರಿಯನ್ 10 ಪರ್ಸೆಂಟ್ ದಾಟಿದ್ಮೇಲೆ ಅದರಿಂದ ತಾಯಿ ಮಗು ಸಾವು ಇನ್ನಷ್ಟು ಇಳಿಯೋದು ಕಂಡಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದು ಕಡೆ ಬೇಡದ ಆಪರೇಷನ್, ಇನ್ನೊಂದು ಕಡೆ ಬೇಕಾದೋರಿಗೆ ಥಿಯೇಟರೇ ಇಲ್ಲ. ನಾರ್ಮಲ್‌ಗೂ ಸಿಸೇರಿಯನ್‌ಗೂ ಕೊಡೋ ರೇಟ್ ಹತ್ತಿರ ಹತ್ತಿರ ಇದ್ರೆ ಆಸ್ಪತ್ರೆಗಳಿಗೆ ಬೇಡದ ಆಪರೇಷನ್ ಮಾಡೋ ಆಸೆ ಸ್ವಲ್ಪ ತಗ್ಗಬಹುದು ಅನ್ಸುತ್ತೆ.

ರುವಾಂಡಾ ಉದಾಹರಣೆನ ನಿಮ್ಮ ಲೇಖಕರೂ ಕೊಟ್ಟಿದ್ದಾರೆ. ಅಲ್ಲಿ 2000ದ ಸರ್ವೆಲಿ 1 ಲಕ್ಷ ಜನನಕ್ಕೆ 1,071 ತಾಯಂದಿರ ಸಾವು ಇದ್ದಿದ್ದು 2014-15ರ ಸರ್ವೆ ಹೊತ್ತಿಗೆ 210ಕ್ಕೆ ಬಂತು, ನಿಜ. ಸಮುದಾಯ ವಿಮೆ ಬಹುತೇಕ ಜನರನ್ನ ಮುಟ್ಟಿದ್ದೂ ನಿಜ. ಆದ್ರೆ ಅದೇ ಹೊತ್ತಲ್ಲಿ ಹಳ್ಳಿ ಹಳ್ಳಿಗೂ ಬಸುರಿಯರನ್ನ ನೋಡ್ಕೊಳ್ಳೋಕೇ ಅಂತ ಆರೋಗ್ಯ ಕಾರ್ಯಕರ್ತೆ ಬಂದ್ಲು, ಆಂಬುಲೆನ್ಸ್ ಬಂತು, ಕೆಲಸ ನೋಡಿ ಆಸ್ಪತ್ರೆಗೆ ದುಡ್ಡು ಕೊಡೋ ಪದ್ಧತಿ ಬಂತು. ಇದನ್ನೆಲ್ಲ ಬಿಟ್ಟು ವಿಮೆ ಒಂದಕ್ಕೇ ಹಾರ ಹಾಕೋದು ಯಾವ ನ್ಯಾಯ?

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಯಾವುದೇ ದೇಶದ ಸ್ಕೀಮ್ ಬಗ್ಗೆ ಬರೆಸೋವಾಗ ಎಷ್ಟು ಕಾರ್ಡ್ ಹಂಚಿದ್ರು ಅನ್ನೋದರ ಪಕ್ಕದಲ್ಲೇ, ಕ್ಲೈಮ್ ದುಡ್ಡು ಎಷ್ಟು ದಿನಕ್ಕೆ ಆಸ್ಪತ್ರೆ ಕೈ ಸೇರ್ತು, ರಾತ್ರಿ ಪಾಳಿಲಿ ನರ್ಸ್ ಎಷ್ಟು ಜನ ಇದ್ರು, ರಕ್ತದ ಬಾಟ್ಲಿ ಅಲ್ಲೇ ಸಿಕ್ತಾ ಅಥವಾ ಮನೆಯವ್ರೇ ಓಡಾಡಿ ತರ್ಬೇಕಾಯ್ತಾ ಅನ್ನೋದನ್ನೂ ದಯವಿಟ್ಟು ಹಾಕ್ಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ